ಕಲಾಯಿ, ಬಿಳಿಗಾರ, ಗಿಟಾರು

ಹೋದ ಬೇಸಿಗೆಯ ಒಂದು ಸಂಜೆ, ದೇವದುರ್ಗದಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಓದಿದ್ದ ಹುಡುಗನೊಬ್ಬ ರಾಯಚೂರಿನ ನಮ್ಮ ಮನೆಗೆ ಬಂದ. ಬೆನ್ನಿಗೆ ಕಪ್ಪು ಚೀಲ, ಕೈಯಲ್ಲಿ ಸಣ್ಣದೊಂದು ರಟ್ಟಿನ ಡಬ್ಬಿ. ಚೀಲದಲ್ಲಿ ಎಲೆಕ್ಟ್ರಿಕ್ ಗಿಟಾರು, ಡಬ್ಬಿಯಲ್ಲಿ ಮೂರು ಹೊಸ ಪಿಕಪ್ಪುಗಳು. ಮದುವೆ, ಗಣಪತಿ ಪೆಂಡಾಲು ಅಂತ ಆರ್ಕೆಸ್ಟ್ರಾದವರ ಜೊತೆ ಊರೂರು ತಿರುಗುವ ಹುಡುಗ ಅವನು.

"ಸರ್, ಆಂಪ್ಲಿಫೈಯರಿಗೆ ಹಚ್ಚಿದ ಕೂಡ್ಲೆ ಗುಂಯ್ ಅಂತೈತ್ರಿ. ಪಿಕಪ್ ಬದಲಿ ಮಾಡಿದ್ರ ಹೋಗ್ತೈತಿ ಅಂದ್ರು, ತರಿಸೀನಿ. ಹಾಕಸಾಕ ಹೈದರಾಬಾದಿಗೆ ಹೋಗು ಅಂತಾರ. ನೀವು ಸೋಲ್ಡರಿಂಗ್ ಮಾಡ್ತೀರಲ್ರಿ..."

ಹಾಕಿಕೊಡುತ್ತೇನೆ ಎಂದು ನಾನು ಹೇಳಲಿಲ್ಲ. "ನೀನೇ ಹಾಕು. ನಾ ಬಾಜೂಕ ಕುಂದರ್ತೀನಿ" ಎಂದೆ. ಆ ಕೆಲಸಕ್ಕೆ ನಮಗೆ ಹತ್ತು ಸಂಜೆ ಹಿಡಿದವು. ಅದರ ಮಾತನ್ನೇ ಇವತ್ತು ನಿಮ್ಮ ಮುಂದೆ ಆಡಬೇಕೆಂದಿದ್ದೇನೆ.

ಪಿಕಪ್ ಅಂದರೆ ಏನು ಅನ್ನುವುದನ್ನು ಮೊದಲು ತಿಳಿಯೋಣ. ತಂಬೂರಿಗೆ ಬುರುಡೆ ಇದೆ. ಸರೋದಿಗೆ ಚರ್ಮ ಹೊದಿಸಿದ ಟೊಳ್ಳು ಮೈ ಇದೆ. ನಮ್ಮೂರಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು ಸರೋದು ಮೀಟಿದಾಗ ಆ ಚರ್ಮವೂ ಆ ಟೊಳ್ಳೂ ಸೇರಿ ತಂತಿಯ ಸಣ್ಣ ನಡುಕವನ್ನು ನಾದ ಮಾಡುತ್ತಿದ್ದವು. ಎಲೆಕ್ಟ್ರಿಕ್ ಗಿಟಾರಿನ ಮೈ ಗಟ್ಟಿ ಹಲಗೆ. ಬರಿದೇ ಮೀಟಿದರೆ ಪಕ್ಕದಲ್ಲಿ ಕೂತವನಿಗೆ ಕೇಳೀತು, ಆಚೆ ಕೋಣೆಗೆ ಕೇಳದು. ಅದರ ಬುರುಡೆ, ಅದರ ಚರ್ಮ ಎಲ್ಲವೂ ತಂತಿಗಳ ಕೆಳಗೆ ಕೂತಿರುವ ಬೆರಳುದ್ದದ ಆ ಪಿಕಪ್ಪೇ. ಒಳಗೆ ಆರು ಸಣ್ಣ ಅಯಸ್ಕಾಂತದ ಕಂಬಗಳು, ಅವುಗಳ ಸುತ್ತ ತಾಮ್ರದ ತಂತಿ. ಎಷ್ಟು ಸುತ್ತು ಅಂತೀರಿ? ಹತ್ತಿರ ಹತ್ತಿರ 8000. ತಂತಿಯ ದಪ್ಪ ಮಿಲಿಮೀಟರಿನ ನೂರರಲ್ಲಿ 6 ಪಾಲು, ತಲೆಗೂದಲಿನಷ್ಟು. ಬಿಚ್ಚಿ ಉದ್ದಕ್ಕೆ ಹಾಸಿದರೆ ಒಂದು ಕಿಲೋಮೀಟರು ದಾಟುತ್ತದೆ.

ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ನಡುಗಿದಾಗ ಅಯಸ್ಕಾಂತದ ಬಲವೂ ಅದರ ಜೊತೆ ಓಲಾಡುತ್ತದೆ. ಆ ಓಲಾಟಕ್ಕೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ದೂರ ಹೋಗಬೇಕಿಲ್ಲ, ಕೃಷ್ಣೆಯ ದಂಡೆಯ ಮೇಲಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಹೋದರೆ ಸಾಕು. 1985ರಿಂದ ಅಲ್ಲಿ ನಡೆದಿರುವುದೂ ಇದೇ ಕೆಲಸ: ಉಗಿಯ ರಭಸಕ್ಕೆ ಅಯಸ್ಕಾಂತ ತಿರುಗುತ್ತದೆ, ಸುತ್ತಲಿನ ತಾಮ್ರದಲ್ಲಿ ಕರೆಂಟು ಏಳುತ್ತದೆ. ಅಲ್ಲಿನ ಮೊದಲ ಏಳು ಘಟಕಗಳಲ್ಲಿ ಒಂದೊಂದರದೂ 210 ಮೆಗಾವ್ಯಾಟ್. ಗಿಟಾರಿನಲ್ಲಿ ಸಿಗುವುದು ಒಂದು ವೋಲ್ಟಿನ ಹತ್ತನೇ ಒಂದು ಪಾಲಿನ ಆಸುಪಾಸು. ನಿಯಮ ಮಾತ್ರ ಒಂದೇ. ಇದನ್ನು ಹೇಳಿದಾಗ ಹುಡುಗ ಗಿಟಾರನ್ನು ತೊಡೆಯ ಮೇಲೆ ತಿರುಗಿಸಿ ಬಹಳ ಹೊತ್ತು ನೋಡಿದ. ಶಾಲೆಯಲ್ಲಿ ಇದೇ ಪಾಠವನ್ನು ನಾನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆ. ಆಗ ಅವನ ಕಣ್ಣು ಹೀಗೆ ಅರಳಿದ್ದು ನನಗೆ ನೆನಪಿಲ್ಲ.

ಆ ಗುಂಯ್ ಎಂಬ ಸದ್ದೂ ಇದೇ ನಿಯಮದಿಂದ ಹುಟ್ಟುವುದು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಓಲಾಡುತ್ತದೆ. ಗೋಡೆಯೊಳಗಿನ ವಯರು, ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ಮೋಟಾರು ಇವೆಲ್ಲ ಸುತ್ತಲಿನ ಗಾಳಿಯಲ್ಲಿ ಆ ಓಲಾಟವನ್ನು ಚೆಲ್ಲುತ್ತಿರುತ್ತವೆ. 8000 ಸುತ್ತಿನ ಸುರುಳಿಗೆ ತಂತಿಯ ನಡುಕ ಯಾವುದು, ಫ್ಯಾನಿನ ಮೋಟಾರು ಯಾವುದು ಅನ್ನುವ ಭೇದ ತಿಳಿಯದು, ಎರಡನ್ನೂ ಹಿಡಿಯುತ್ತದೆ. 1955ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರು ಇದಕ್ಕೊಂದು ಉಪಾಯ ಹೂಡಿದರು. ಎರಡು ಸುರುಳಿಗಳನ್ನು ಜೋಡಿಸಿ, ಸುತ್ತುವ ದಿಕ್ಕನ್ನೂ ಅಯಸ್ಕಾಂತದ ಮುಖವನ್ನೂ ಒಂದಕ್ಕೊಂದು ಎದುರಾಗಿ ಇಟ್ಟರು. ತಂತಿಯ ದನಿ ಎರಡರಲ್ಲೂ ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್‌ಗುಡಿತ ಒಂದನ್ನೊಂದು ಕಳೆದುಕೊಳ್ಳುತ್ತದೆ. ಈ ಗುಂಯ್‌ಗೆ ಇಂಗ್ಲಿಷಿನಲ್ಲಿ ಹಮ್ ಅನ್ನುತ್ತಾರೆ, ಅದಕ್ಕೇ ಹಂಬಕರ್ ಎಂದು ಹೆಸರು. ಹುಡುಗನ ಗಿಟಾರಿನವು ಒಂಟಿ ಸುರುಳಿಯ ಪಿಕಪ್ಪುಗಳು. ಅವುಗಳಲ್ಲಿ ಗುಂಯ್ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಅವನದು ಸ್ವಲ್ಪವಾಗಿರಲಿಲ್ಲ.

ಗಿಟಾರು ನಮ್ಮ ಕಿವಿಗೇನೂ ಹೊಸತಲ್ಲ. ಕನ್ನಡ ಸಿನಿಮಾದ ಜಿ.ಕೆ. ವೆಂಕಟೇಶರ ವಾದ್ಯಗೋಷ್ಠಿಯಲ್ಲಿ ಇಳಯರಾಜ ಗಿಟಾರು ಹಿಡಿದು ಕೂತಿದ್ದ ಕಾಲ ಒಂದಿತ್ತು. ಆದರೆ ನಾನು ಹೇಳಬೇಕಾದದ್ದು ನುಡಿಸುವವರ ಕಥೆಯಲ್ಲ, ಈ ವಾದ್ಯವನ್ನು ಮಾಡಿದವರ ಕಥೆ. ಹುಡುಗನ ಕೈಯಲ್ಲಿದ್ದ ಗಿಟಾರಿನ ಆಕಾರ ಇವತ್ತು ಜಗತ್ತಿನ ಯಾವ ಮೂಲೆಗೆ ಹೋದರೂ ಕಾಣುತ್ತದೆ. ಮೂರು ಪಿಕಪ್ಪು, ಎರಡು ಕೊಂಬು, ಸ್ಟ್ರಾಟೋಕಾಸ್ಟರ್ ಎಂದು ಹೆಸರು. 1954ರಲ್ಲಿ ಅದನ್ನು ಹೊರತಂದವರು ಲಿಯೋ ಫೆಂಡರ್. ಅವರು ಗಿಟಾರು ವಾದಕರಲ್ಲ, ನುಡಿಸಲು ಬರುತ್ತಲೇ ಇರಲಿಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿಕೊಂಡಿದ್ದವರು. ಹಾಡುವವರು ಕೆಟ್ಟ ಆಂಪ್ಲಿಫೈಯರು ಹೊತ್ತು ಅವರ ಅಂಗಡಿಗೆ ಬರುತ್ತಿದ್ದರು. ರಿಪೇರಿ ಮಾಡುವವನ ಕಣ್ಣಿನಿಂದ ಅವರು ವಾದ್ಯವನ್ನು ನೋಡಿದರು. ಅವರ ಗಿಟಾರಿನ ಕುತ್ತಿಗೆಯನ್ನು ಅಂಟು ಹಾಕಿ ಕೂಡಿಸಿಲ್ಲ, ಸ್ಕ್ರೂ ಹಾಕಿ ಬಿಗಿದಿದ್ದಾರೆ. ಸ್ಟ್ರಾಟೋಕಾಸ್ಟರಿನ ಪಿಕಪ್ಪು, ಸ್ವಿಚ್ಚು, ತಿರುಗಣೆ ಎಲ್ಲವೂ ಒಂದೇ ಪ್ಲಾಸ್ಟಿಕ್ ಹಾಳೆಗೆ ಜೋತುಬಿದ್ದಿವೆ. ಇಂದಿನವುಗಳಲ್ಲಿ 11 ಸ್ಕ್ರೂ ಬಿಚ್ಚಿದರೆ ಇಡೀ ಕರುಳು ಕೈಗೆ ಬರುತ್ತದೆ. ಬಿಚ್ಚಲೆಂದೇ ಮಾಡಿದ ವಾದ್ಯ ಇದು. ಅದನ್ನು ಬಿಚ್ಚಲು ಹೈದರಾಬಾದಿಗೆ ಹೋಗಬೇಕು ಅನ್ನುವುದನ್ನು ನಾನು ಒಪ್ಪಲಾರೆ.

ನನಗೆ ಬೆಸುಗೆ ಕಲಿಸಿದವರೂ ರೇಡಿಯೋ ರಿಪೇರಿಯವರೇ. ನಾನು ಕಾಲೇಜು ಓದುವಾಗ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಅವರ ಅಂಗಡಿ ಇತ್ತು. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅಂಗಡಿ ಅಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆಯ ತುಂಬ ಬೆನ್ನು ಬಿಚ್ಚಿದ ರೇಡಿಯೋಗಳು. ಮೊದಲ ವಾರವೆಲ್ಲ ಅವರು ನನಗೆ ಕೊಟ್ಟದ್ದು ಕೆಟ್ಟುಹೋದ ಬೋರ್ಡುಗಳನ್ನು. ಬಿಚ್ಚು, ಮತ್ತೆ ಕೂಡಿಸು, ಮತ್ತೆ ಬಿಚ್ಚು. ಕೈ ಸುಟ್ಟುಕೊಂಡಾಗ ನೀರಿನ ಗ್ಲಾಸು ಮುಂದೆ ಸರಿಸುತ್ತಿದ್ದರು, ಬೈಯುತ್ತಿರಲಿಲ್ಲ. ಒಂದು ಮಾತು ಮಾತ್ರ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು:

"ಸೋಲ್ಡರಿಗೆ ಕಡ್ಡಿ ಹಚ್ಚಬ್ಯಾಡ ಬೇಟಾ. ತಂತಿ ಕಾಸು, ತಗಡು ಕಾಸು. ಎರಡೂ ಕಾದ್ರ ಸೋಲ್ಡರು ತಾನ ಓಡಿ ಬರ್ತೈತಿ."

ಬೆಸುಗೆಯ ವಿದ್ಯೆ ಪೂರಾ ಈ ಮಾತಿನಲ್ಲಿದೆ. ಹೊಸಬರು ಎಲ್ಲರೂ ಮಾಡುವ ತಪ್ಪು ಒಂದೇ: ಕಾದ ಕಡ್ಡಿಯ ತುದಿಯಲ್ಲಿ ಸೋಲ್ಡರ್ ಕರಗಿಸಿ, ಅದರ ಹನಿಯನ್ನು ತಣ್ಣಗಿರುವ ತಂತಿಯ ಮೇಲೆ ಇಳಿಬಿಡುತ್ತಾರೆ. ಹನಿ ಕಮಲದ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ನಿಲ್ಲುತ್ತದೆ. ನೋಡಲು ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಇವತ್ತು ದನಿ ಬರುತ್ತದೆ, ನಾಳೆ ಪೆಂಡಾಲಿನಲ್ಲಿ ನಡುಹಾಡಿಗೆ ಕೈಕೊಡುತ್ತದೆ. ರಿಪೇರಿಯವರು ಇದಕ್ಕೆ ಡ್ರೈ ಸೋಲ್ಡರ್ ಅನ್ನುತ್ತಾರೆ. ತವರ 60 ಪಾಲು, ಸೀಸ 40 ಪಾಲು ಇರುವ ಮಾಮೂಲಿ ಸೋಲ್ಡರ್ 183ರಿಂದ 190 ಡಿಗ್ರಿಯೊಳಗೆ ಕರಗುತ್ತದೆ. ಕೂಡಬೇಕಾದ ಎರಡು ಲೋಹಗಳೂ ಅಷ್ಟು ಬಿಸಿಯಾಗಲೇಬೇಕು. ಆಗ ಸೋಲ್ಡರ್ ಹರಡುತ್ತದೆ, ತಂತಿಯ ಎಳೆ ಎಳೆಯೊಳಗೆ ಇಳಿಯುತ್ತದೆ, ಆರಿದ ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆರುವ ಆ ಎರಡು ಮೂರು ಸೆಕೆಂಡು ಕೈ ಅಲುಗಬಾರದು.

ಈ ವಿದ್ಯೆ ವಿದೇಶದಿಂದ ಬಂತು ಎಂದು ನಮ್ಮ ಹುಡುಗರು ತಿಳಿದಿರುತ್ತಾರೆ. ಅದು ಹಾಗಲ್ಲ. ನಾನು ಬೆಳೆದದ್ದು ಮಾನ್ವಿಯಲ್ಲಿ. ನಮ್ಮ ಓಣಿಗೆ ವರ್ಷಕ್ಕೊಂದು ಸಲ ಕಲಾಯಿಯವರು ಬರುತ್ತಿದ್ದರು. ನೆಲದಲ್ಲಿ ಕುಣಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತ ಅಜ್ಜಿಯ ತಾಮ್ರದ ಪಾತ್ರೆಗಳನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಉದುರಿಸುತ್ತಿದ್ದರು. ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿ ಹತ್ತಿಯಿಂದ ಸವರಿದರೆ ಕಪ್ಪು ಪಾತ್ರೆಯ ಒಳಗೆ ಬೆಳದಿಂಗಳು ಹರಿದಂತಾಗುತ್ತಿತ್ತು. ಪಕ್ಕದ ಮನೆಯ ಪತ್ತಾರರು ಬಂಗಾರದ ಸರಕ್ಕೆ ಟಾಕಾ ಹಾಕುವಾಗ ಬಿಳಿಗಾರ ಅರೆದು ಹಚ್ಚುತ್ತಿದ್ದರು. ನವಸಾಗರ, ಬಿಳಿಗಾರ, ಇವತ್ತಿನ ಸೋಲ್ಡರ್ ತಂತಿಯ ಹೊಟ್ಟೆಯೊಳಗೆ ತುಂಬಿರುವ ರಾಳ, ಮೂರರದೂ ಒಂದೇ ಕೆಲಸ. ಗಾಳಿ ತಾಗಿದ ಲೋಹದ ಮೇಲೆ ಕಿಲುಬಿನ ತೆಳ್ಳನೆಯ ಪೊರೆ ಕೂಡುತ್ತದೆ. ಅದು ಹೋಗದೆ ಲೋಹಕ್ಕೆ ಲೋಹ ಅಂಟದು. ಆ ಪೊರೆಯನ್ನು ಇವು ತಿಂದುಹಾಕುತ್ತವೆ. ರಾಳ ಪೈನ್ ಮರದ್ದು, ಪಿಟೀಲಿನ ಕಮಾನಿಗೆ ಉಜ್ಜುವುದೂ ಅದನ್ನೇ. ಬೆಸುಗೆ ಕಡ್ಡಿಯ ತುದಿಗೆ ಮೊದಲು ಸೋಲ್ಡರ್ ಲೇಪಿಸಿ ಹೊಳೆಯುವಂತೆ ಇಟ್ಟುಕೊಳ್ಳಬೇಕು ಎಂದು ಹುಡುಗನಿಗೆ ಹೇಳುವಾಗ ನನ್ನ ಬಾಯಿಗೆ ಬಂದ ಮಾತು, "ಕಡ್ಡಿಗೆ ಕಲಾಯಿ ಹಾಕು." ಅವನಿಗೆ ಕಲಾಯಿ ಅಂದರೆ ಗೊತ್ತಿರಲಿಲ್ಲ. ಆ ಸಂಜೆ ಗಿಟಾರು ಹಾಗೇ ಉಳಿಯಿತು, ಕಲಾಯಿಯ ಕಥೆ ನಡೆಯಿತು.

ಮೊದಲ ಐದು ಸಂಜೆ ಗಿಟಾರಿಗೆ ಕೈ ಹಚ್ಚಗೊಡಲಿಲ್ಲ. ಹಳೆಯ ವಯರಿನ ತುಂಡುಗಳು, ಒಂದು ಸತ್ತ ಟೇಪ್‌ರೆಕಾರ್ಡರು, ಇಷ್ಟೇ ಪಾಠದ ಸಾಮಾನು. ನಮ್ಮ ಸೆಖೆಯಲ್ಲಿ ಫ್ಯಾನು ಆರಿಸಿ ಕೂರುವುದು ಕಷ್ಟ. ಆದರೆ ಫ್ಯಾನಿನ ಗಾಳಿ ನೇರ ಬಿದ್ದರೆ ಬೆಸುಗೆ ಬೇಗ ಆರಿ ಕೆಡುತ್ತದೆ. ಅದಕ್ಕೆ ಮಾಳಿಗೆಯ ಮೇಲೆ, ಹೊತ್ತು ಮುಳುಗಿದ ಮೇಲೆ ಕೂತೆವು. ಹೊಗೆಯೂ ಮುಖಕ್ಕೆ ಬಡಿಯದೆ ಬಯಲಿಗೆ ಹೋಗುತ್ತಿತ್ತು. ಒಂದು ಮಾತು ತಾಯಂದಿರು ಗಮನಿಸಬೇಕು. ಸೋಲ್ಡರಿನಲ್ಲಿ ಸೀಸ ಇದೆ, ಸೀಸ ವಿಷ. ಆ ಕೆಲಸ ಮಾಡಿದ ಕೈಯನ್ನು ಸಾಬೂನಿನಿಂದ ತೊಳೆಯದೆ ರೊಟ್ಟಿ ಮುರಿಯಬಾರದು, ಸೋಲ್ಡರ್ ತಂತಿಯನ್ನು ಹಲ್ಲಿನಲ್ಲಿ ಹಿಡಿಯಬಾರದು, ಸಣ್ಣ ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಕನ್ನಡಕ ಇರಲಿ.

ಆರನೆಯ ಸಂಜೆ ತಂತಿ ಸಡಿಲಿಸಿ, 11 ಸ್ಕ್ರೂ ಬಿಚ್ಚಿ ಹಾಳೆಯನ್ನು ಮಗುಚಿ ಹಾಕಿದೆವು. ಒಳಗಿನ ವಯರುಗಳನ್ನು ಕಂಡು ಹುಡುಗನ ಮುಖ ಬಾಡಿತು. ಒಂದನ್ನೂ ಕೀಳುವ ಮೊದಲು ಕಾಗದದ ಮೇಲೆ ಚಿತ್ರ ಬರೆದುಕೋ ಎಂದೆ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಅನ್ನುವುದನ್ನು ಅವನು ಬರೆದ. ಮೊಬೈಲಿನಲ್ಲಿ ಫೋಟೋ ತೆಗೆದರೂ ಸರಿ, ಆದರೆ ಬರೆಯುವಾಗ ಕೈಗೆ ತಿಳಿಯುವುದು ಫೋಟೋದಿಂದ ತಿಳಿಯದು. ಬರೆದು ಮುಗಿಸುವಷ್ಟರಲ್ಲಿ ಅವನಿಗೇ ಅರ್ಥವಾಗಿತ್ತು: ಪ್ರತಿ ಪಿಕಪ್ಪಿನಿಂದ ಬರುವುದು ಎರಡೇ ತಂತಿ. ದನಿ ಒಯ್ಯುವುದು ಸ್ವಿಚ್ಚಿಗೆ ಹೋಗುತ್ತದೆ, ಅರ್ಥಿಂಗಿನದು ವಾಲ್ಯೂಮಿನ ತಿರುಗಣೆಯ ಬೆನ್ನಿಗೆ ಹೋಗುತ್ತದೆ.

ಸ್ವಿಚ್ಚಿನ ಕಡೆಯ ಮೂರೂ ಬೆಸುಗೆಗಳನ್ನು ಅವನು ಚಂದ ಹಾಕಿದ. ಅವನು ಸೋತದ್ದು ವಾಲ್ಯೂಮಿನ ಬೆನ್ನಿನಲ್ಲಿ. ಮನೆಯಲ್ಲಿ ಗಿಟಾರು ಬಿಚ್ಚಿದ ಬಹಳ ಮಂದಿ ಸೋಲುವುದು ಇಲ್ಲೇ. ತಿರುಗಣೆಯ ಬೆನ್ನು ಒಂದು ಲೋಹದ ಡಬ್ಬಿ. 25 ವ್ಯಾಟಿನ ಕಡ್ಡಿ ಕೊಡುವ ಬಿಸಿಯನ್ನೆಲ್ಲ ಅದು ಕುಡಿದುಬಿಡುತ್ತದೆ, ಕಾಯುವುದಿಲ್ಲ. ಹುಡುಗ ಕಡ್ಡಿಯನ್ನು ಒತ್ತಿ ಒತ್ತಿ ಹಿಡಿದ. ಸೋಲ್ಡರು ಅಂಟಲಿಲ್ಲ, ಒಳಗಿನ ತಿರುಗಣೆ ಸುಡುವ ಹೊತ್ತು ಬಂತು. ಬಿಡು ಅಂದೆ. ಮರುದಿನ ಚಪ್ಪಟೆ ತುದಿಯ 40 ವ್ಯಾಟಿನ ಕಡ್ಡಿ ತಂದೆವು. ಡಬ್ಬಿಯ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿ, ಮೊದಲು ಅಲ್ಲಿ ಸೋಲ್ಡರಿನ ಒಂದು ಬಟ್ಟು ಹರಡಿ, ಆಮೇಲೆ ತಂತಿ ಇಟ್ಟ. ನಾಲ್ಕು ಎಣಿಸುವುದರಲ್ಲಿ ಹಿಡಿಯಿತು. ಸಣ್ಣ ಕಡ್ಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಸುತ್ತಲಿನದೆಲ್ಲ ಸುಡುತ್ತದೆ. ಬಿಸಿ ಜಾಸ್ತಿ ಇರುವ ಕಡ್ಡಿ ಚಟ್ಟನೆ ಕಾಸಿ ಬಿಡುತ್ತದೆ, ಪಕ್ಕದ ಸಾಮಾನು ಉಳಿಯುತ್ತದೆ.

ಮುಚ್ಚುವ ಮೊದಲು ಮಲ್ಟಿಮೀಟರು ಹಚ್ಚಿದೆವು. ಮೂರೂ ಪಿಕಪ್ಪುಗಳು 6 ಕಿಲೋ ಓಮ್ ಆಸುಪಾಸು ತೋರಿಸಿದವು. ಆಂಪ್ಲಿಫೈಯರಿಗೆ ಜೋಡಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದನ್ನೇ ತಟ್ಟಿದರೆ ಟಕ್, ಟಕ್, ಟಕ್. ಹುಡುಗ ನಕ್ಕ. ತಂತಿ ಏರಿಸಿದ, ಶ್ರುತಿ ಮಾಡಿದ, ಮೀಟಿದ. ದನಿ ಬಂತು, ಹಳೆಯದಕ್ಕಿಂತ ತಿಳಿಯಾಗಿ ಬಂತು. ಕೈ ಬಿಟ್ಟ ಕೂಡಲೆ ಗುಂಯ್.

ಅವನ ಕಣ್ಣಲ್ಲಿ ನೀರು ನಿಂತದ್ದನ್ನು ನೋಡಿದೆ. ಎರಡು ಮದುವೆ ಸೀಜನ್ನಿನಲ್ಲಿ ಕೂಡಿಟ್ಟ ದುಡ್ಡು ಆ ಪಿಕಪ್ಪುಗಳಿಗೆ ಹೋಗಿತ್ತು.

"ತಂತಿ ಮುಟ್ಟು" ಎಂದೆ. ಮುಟ್ಟಿದ, ಸದ್ದು ಹಾಗೇ ಇತ್ತು. "ವಯರು ಚುಚ್ಚುವ ಜ್ಯಾಕ್ ಐತಲ್ಲ, ಅದರ ಲೋಹ ಮುಟ್ಟು" ಎಂದೆ. ಮುಟ್ಟಿದ, ಸದ್ದು ಇಳಿಯಿತು. ಅಲ್ಲಿಗೆ ರೋಗ ತಿಳಿಯಿತು. ಸರಿಯಿರುವ ಗಿಟಾರಿನಲ್ಲಿ ತಂತಿ ಮುಟ್ಟಿದರೂ ಗುಂಯ್ ಇಳಿಯಬೇಕು. ತಂತಿಗಳನ್ನು ಅರ್ಥಿಂಗಿಗೆ ಕೂಡಿಸುವ ಒಂದು ವಯರು ಗಿಟಾರಿನ ಬೆನ್ನಿನ ಕಡೆ ಇರುತ್ತದೆ. ಸ್ಪ್ರಿಂಗುಗಳನ್ನು ಎಳೆದು ಹಿಡಿದ ಉಕ್ಕಿನ ಪಂಜಕ್ಕೆ ಅದರ ಬೆಸುಗೆ. ಬೆನ್ನಿನ ಮುಚ್ಚಳ ತೆಗೆದರೆ ಆ ವಯರು ಕಿತ್ತು ಜೋತಾಡುತ್ತಿತ್ತು, ತುದಿಯಲ್ಲಿ ಗುಂಡಗಿನ ಮಂಕು ಹನಿ. ಡ್ರೈ ಸೋಲ್ಡರ್. ಮೊದಲಿಂದಲೂ ತಪ್ಪು ಅದರದೇ.

ಹೊಸ ಪಿಕಪ್ಪು ದಂಡವಾಯಿತೇ? ಆಗಲಿಲ್ಲ, ದನಿ ನಿಜವಾಗಿಯೂ ಹಿಗ್ಗಿತ್ತು. ಆದರೆ ಅವನು ದುಡ್ಡು ಖರ್ಚು ಮಾಡಿದ್ದು ಆ ಗುಂಯ್ ಹೋಗಲಿ ಎಂದು. ಆ ಗುಂಯ್‌ಗೆ ಬೇಕಿದ್ದದ್ದು ಎರಡು ರೂಪಾಯಿಯ ಸೋಲ್ಡರ್. ವಾದ್ಯದ ಒಳಗನ್ನು ನೋಡದೆ ಅದರ ರೋಗಕ್ಕೆ ಔಷಧ ಕೊಂಡಂತಾಗಿತ್ತು. ಉಕ್ಕಿನ ಪಂಜವನ್ನು ಅವನೇ ಉಜ್ಜಿದ, ಅವನೇ ಕಾಸಿದ, ಅವನೇ ಬೆಸೆದ. ಅಷ್ಟು ದಪ್ಪ ಉಕ್ಕು ಕಾಯಲು ಬಹಳ ಹೊತ್ತು ಹಿಡಿಯಿತು. ನಾನು ಮಾತಾಡಲಿಲ್ಲ.

ಇಲ್ಲಿ ಆರ್ಕೆಸ್ಟ್ರಾದ ಹುಡುಗರೆಲ್ಲ ಕೇಳಬೇಕಾದ ಒಂದು ಮಾತಿದೆ. ಗಿಟಾರಿನ ಒಳಗೆ ಜೀವ ತೆಗೆಯುವ ಕರೆಂಟಿಲ್ಲ, ಧೈರ್ಯವಾಗಿ ಬಿಚ್ಚಿರಿ. ಆಂಪ್ಲಿಫೈಯರನ್ನು ಬಿಚ್ಚಬೇಡಿ, ಸ್ವಿಚ್ ಆರಿಸಿದ ಮೇಲೂ ಅದರೊಳಗೆ ಅಪಾಯ ಉಳಿದಿರುತ್ತದೆ. ಮತ್ತು ಈಗ ಹೇಳಿದ ಅರ್ಥಿಂಗ್ ವಯರು ಗಿಟಾರಿನ ತಂತಿಗಳನ್ನು ಆಂಪ್ಲಿಫೈಯರಿನ ಮೈಗೆ ಕೂಡಿಸುತ್ತದೆ. ಪೆಂಡಾಲಿನಲ್ಲಿ ಮೂರು ಪಿನ್ನಿನ ಪ್ಲಗ್ಗನ್ನು ಅರ್ಥಿಂಗಿನ ದಪ್ಪ ಪಿನ್ನು ಮುರಿದು ಎರಡರ ಸಾಕೆಟ್ಟಿಗೆ ತುರುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಿದಾಗ ಆಂಪ್ಲಿಫೈಯರಿನಲ್ಲಿ ಕರೆಂಟು ಸೋರಿದರೆ ಅದು ನೇರ ನಿಮ್ಮ ಬೆರಳಿಗೆ ಬರುತ್ತದೆ. ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ಕಾಲ ಕೆಳಗೆ ಹಸಿ ನೆಲ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ಊರಿನ ವೇದಿಕೆಯ ಮೇಲೆ ಲೆಸ್ ಹಾರ್ವೆ ಎಂಬ ಗಿಟಾರು ವಾದಕ ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ ತೀರಿಕೊಂಡ. ಕಾರ್ಯಕ್ರಮಕ್ಕೆ ಕರೆದವರನ್ನು ಅರ್ಥಿಂಗ್ ಕೇಳಲು ಸಂಕೋಚ ಪಡಬೇಡಿ. ಇಲ್ಲ ಅಂದರೆ ನುಡಿಸಬೇಡಿ.

ತೀನ್ ಕಂದೀಲಿನ ಆ ಅಂಗಡಿ ಈಗಿಲ್ಲ, ಉಸ್ತಾದರೂ ಇಲ್ಲ. ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಆದರೆ ಬೆಸುಗೆ ಬಲ್ಲ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಮಾನ್ವಿ, ದೇವದುರ್ಗಗಳಲ್ಲಿ ರೈತರ ಪಂಪ್‌ಸೆಟ್ಟಿನ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಗಳಿವೆ. ಅವರು ದಿನವಿಡೀ ಮಾಡುವುದು ತಾಮ್ರದ ಸುರುಳಿಯ ಕೆಲಸವೇ, ತಂತಿ ಮಾತ್ರ ದಪ್ಪ. ಮೊಬೈಲಿನ ಬೋರ್ಡು ರಿಪೇರಿ ಮಾಡುವ ಹುಡುಗರು ನನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಹಾಕುತ್ತಾರೆ. ನಿಮ್ಮ ಮಗ ಅಥವಾ ಮಗಳು ಗಿಟಾರು, ಕೀಬೋರ್ಡು ಬೇಕು ಎಂದರೆ ಕೊಡಿಸಿ. ಜೊತೆಗೊಂದು ಬೆಸುಗೆ ಕಡ್ಡಿ ಕೊಡಿಸಿ, ಇಂಥವರ ಮೇಜಿನ ಪಕ್ಕ ಒಂದು ತಿಂಗಳು ಕೂಡಿಸಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಕೊಳಲು ನುಡಿಸುವವರು, ಎಂಜಿನಿಯರೂ ಹೌದು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ವಾದ್ಯ ಬಲ್ಲ ಕಿವಿ, ಬೆಸುಗೆ ಬಲ್ಲ ಕೈ ಒಬ್ಬರಲ್ಲೇ ಕೂಡಿದ್ದರಿಂದ ಆದ ಕೆಲಸ ಅದು.

ತಂಬೂರಿ ಅಂದರೆ ನಮಗೆ ನೆನಪಾಗುವುದು ಹರಿದಾಸರು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ತಾಲೂಕಿನದು, ಅವರ ಶಿಷ್ಯ ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲೂಕಿನದು, ಜಗನ್ನಾಥದಾಸರಂತೂ ಮಾನ್ವಿಯವರೇ. ತಂಬೂರಿಯ ನಾಡು ನಮ್ಮದು. ಹೋದ ಶ್ರಾವಣದಲ್ಲಿ ದೇವದುರ್ಗದ ಒಂದು ಭಜನಾ ಮಂಡಳಿಯವರ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ನಡುಭಜನೆಯಲ್ಲಿ ಸುಮ್ಮನಾಯಿತಂತೆ. ರಾತ್ರಿಯೇ ನಮ್ಮ ಹುಡುಗನನ್ನು ಕರೆಸಿದರು. ಸ್ಪೀಕರಿಗೆ ಹೋಗುವ ವಯರು ಕಿತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಕೂತು ಉಜ್ಜಿ, ಕಾಸಿ, ಬೆಸೆದು ಕೊಟ್ಟ. ಮರುದಿನ ಫೋನಿನಲ್ಲಿ ಹೇಳಿದ: "ಸರ್, ತಂತಿ ಮೊದಲ ಕಾಸಿದೆರಿ. ಸೋಲ್ಡರು ತಾನ ಓಡಿ ಬಂತು." ನನ್ನ 40 ವ್ಯಾಟಿನ ಕಡ್ಡಿ ಅವನ ಹತ್ತಿರವೇ ಇದೆ. ಇರಲಿ ಎಂದಿದ್ದೇನೆ.